ಓದುಗರ ಪ್ರಶ್ನೆ: ಬರೀ ಮಂಜು ತೋರಿಸಿದ್ರೆ ಥ್ರಿಲ್ಲರ್ ಆಗಲ್ಲ

ಪ್ರಶ್ನೆ: ಸರ್, ನಮ್ಮ ಕೊಡಗಿಗೆ ಶೂಟಿಂಗಿಗೆ ಬರೋರು ಒಂದೋ ಹಾಡು ತೆಗೀತಾರೆ, ಇಲ್ಲಾ ಕೊಲೆ. ಮಂಜು, ಹಳೇ ಬಂಗ್ಲೆ, ಜೀರುಂಡೆ ಸೌಂಡು ಎಲ್ಲಾ ಇಟ್ಟಿರ್ತಾರೆ, ಆದ್ರೂ ಇಂಟರ್ವಲ್ ಬರೋಷ್ಟ್ರಲ್ಲಿ ಆಕಳಿಕೆ. ಇನ್ನು ಕೆಲವು ಸಿನಿಮಾ ಹಾಡಹಗಲೇ ನಡೆದ್ರೂ ಕೈ ಬೆವರುತ್ತೆ. ಯಾಕೆ ಹೀಗೆ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ನಾನೂ ತೋಟದ ಮನೇಲಿ ಬೆಳೆದವನೇ, ಹಾಗಾಗಿ ನಿಮ್ಗೆ ಗೊತ್ತಿರೋದ್ರಿಂದಾನೇ ಶುರು ಮಾಡ್ತೀನಿ. ಹಲಸು ಹಣ್ಣಾಗೋ ಟೈಮು, ಸಂಜೆ ಜಗಲೀಲಿ ಕೂತಿದ್ದೀರಿ, ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬರುತ್ತೆ, ಕೆಳಗಿನ ತೋಟಕ್ಕೆ ಆನೆ ಇಳಿದಿದೆ ಅಂತ. ತಲೆ ಎತ್ತಿ ನೋಡಿದ್ರೆ ಲೈನ್‌ಮನೆ (ತೋಟದ ಕೆಲಸದೋರ ಮನೆ ಸಾಲು) ಹುಡುಗ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ಅದೇ ದಾರೀಲಿ ಇಳೀತಿದ್ದಾನೆ, ಕೂಗಿದ್ರೂ ಕೇಳಲ್ಲ. ಆನೆ ಎಲ್ಲೂ ಕಾಣ್ತಿಲ್ಲ, ಗಾಳೀನೂ ಇಲ್ಲ, ಆದ್ರೆ ಒಂದು ಬೈನೆ ಮರದ ತುದಿ ಮಾತ್ರ ಅಲ್ಲಾಡ್ತಿದೆ. ಈಗ ಎದೆ ಹೊಡ್ಕೊಳ್ಳುತ್ತಲ್ಲ, ಅದೇ ಸಸ್ಪೆನ್ಸ್. ಯಾವ ಮೆಸೇಜೂ ಇಲ್ದೆ ತಿರುವಲ್ಲಿ ಆನೆ ಎದುರಾದ್ರೆ ಅದು ಗಾಬರಿ ಅಷ್ಟೆ, ಆಯ್ತು, ಮುಗೀತು.

ಥ್ರಿಲ್ಲರ್‌ಗಳಿಗೇ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಇದನ್ನೇ ಫ್ರೆಂಚ್ ನಿರ್ದೇಶಕ ಟ್ರೂಫೋಗೆ ಬಾಂಬ್ ಲೆಕ್ಕದಲ್ಲಿ ಹೇಳಿದ್ದು. ಮೇಜಿನ ಕೆಳಗಿನ ಬಾಂಬು ಸುಮ್ನೆ ಸಿಡಿದ್ರೆ ನೋಡೋರಿಗೆ 15 ಸೆಕೆಂಡಿನ ಶಾಕು, ಬಾಂಬ್ ಇದೆ ಅಂತ ಅವರಿಗೆ ಮೊದ್ಲೇ ತೋರಿಸಿಬಿಟ್ರೆ 15 ನಿಮಿಷದ ಸಸ್ಪೆನ್ಸು. ನೀವು ಹೇಳೋ ಆಕಳಿಕೆ ಸಿನಿಮಾಗಳ ತಪ್ಪು ಇಲ್ಲೇ ಇರೋದು. ಅವರು ಮಂಜಲ್ಲಿ ಎಲ್ಲಾನೂ ಮುಚ್ಚಿಡ್ತಾರೆ. ಮಂಜಿನ ಹಿಂದೆ ಏನಿರಬಹುದು ಅನ್ನೋ ಸುಳಿವೇ ಇಲ್ದಿದ್ರೆ ನಾವು ಹೆದರೋದಾದ್ರೂ ಯಾತಕ್ಕೆ? ಮಡಿಕೇರಿಯೋರಿಗಂತೂ ಮಂಜು ದಿನಾ ನೋಡೋದೇ, ಬಟ್ಟೆ ಒಣಗಲ್ಲ ಅನ್ನೋದು ಬಿಟ್ರೆ ಬೇರೆ ಭಯ ಇಲ್ಲ.

ಬೆಳಕನ್ನ ಹೇಗೆ ಬಳಸ್ತಾರೆ ನೋಡಿ. ಹಿಚ್‌ಕಾಕ್‌ನ 1941ರ ‘ಸಸ್ಪಿಷನ್’ನಲ್ಲಿ ಗಂಡ ಕತ್ತಲ ಮೆಟ್ಟಿಲು ಹತ್ಕೊಂಡು ಹೆಂಡ್ತಿಗೆ ಹಾಲು ತರ್ತಾನೆ, ಗಂಡ ತನ್ನನ್ನ ಸಾಯಿಸ್ತಾನೆ ಅಂತ ಅವಳಿಗೆ ಆಗ್ಲೇ ಡೌಟು. ನಮ್ಮ ಕಣ್ಣು ಆ ಲೋಟ ಬಿಟ್ಟು ಆಚೀಚೆ ಹೋಗಬಾರ್ದು ಅಂತ ಹಾಲಿನೊಳಗೇ ಪುಟ್ಟ ಬಲ್ಬ್ ಇಟ್ಟಿದ್ರು. ಕತ್ತಲೇಲಿ ಒಂದು ಬಿಳೀ ಲೋಟ ಮೇಲೆ ಬರ್ತಾ ಇರುತ್ತೆ, ಅಷ್ಟೇ. ಮುಚ್ಚೋದಕ್ಕಿಂತ ಒಂದನ್ನ ಮಾತ್ರ ಬೆಳಗೋದು ಕಷ್ಟದ ಕೆಲಸ, ಪರಿಣಾಮಾನೂ ಹಂಗೇ ಇರುತ್ತೆ.

ನನ್ನ ಕೇಳಿದ್ರೆ ಇದಕ್ಕಿಂತ ದೊಡ್ಡ ಪಾಠ ನಿರ್ದೇಶಕ ಫ್ರಿಟ್ಸ್ ಲ್ಯಾಂಗ್‌ನ 1931ರ ಜರ್ಮನ್ ಸಿನಿಮಾ ‘ಎಂ’. ಮಕ್ಕಳನ್ನ ಕೊಲ್ಲೋನ ಹಿಡಿದುಕೊಟ್ರೆ ಬಹುಮಾನ ಅಂತ ಪೋಸ್ಟರ್ ಅಂಟಿಸಿರ್ತಾರೆ, ಆ ಪೋಸ್ಟರಿಗೇ ಒಂದು ಪುಟ್ಟ ಹುಡುಗಿ ಚೆಂಡು ಹೊಡೀತಾ ಆಡ್ತಿರ್ತಾಳೆ, ಆ ಪೋಸ್ಟರ್ ಮೇಲೆ ಒಬ್ಬನ ನೆರಳು ಬೀಳುತ್ತೆ. ಮುಖ ತೋರಿಸಲ್ಲ. ಆಮೇಲೆ ಮನೇಲಿ ಅಮ್ಮ ಕಾಯ್ತಿರೋದು, ಊಟದ ಮೇಜಲ್ಲಿ ಖಾಲಿ ತಟ್ಟೆ, ಹುಲ್ಲಲ್ಲಿ ಉರುಳಿ ಬಂದು ನಿಲ್ಲೋ ಚೆಂಡು, ತಂತಿಗೆ ಸಿಕ್ಕಾಕೊಂಡ ಬಲೂನು. ಕೊಲೆ ತೋರಿಸೋದೇ ಇಲ್ಲ, ಆದ್ರೆ ಆ ಬಲೂನು ನಾನು ನೋಡಿ ಎಷ್ಟೋ ವರ್ಷ ಆದ್ರೂ ತಲೆಯಿಂದ ಹೋಗಿಲ್ಲ.

ಪಟಪಟ ಕಟ್ ಮಾಡಿದ್ರೆ ಟೆನ್ಷನ್ ಬರುತ್ತೆ ಅನ್ನೋದೂ ಪೂರ್ತಿ ನಿಜ ಅಲ್ಲ. 1960ರ ‘ಸೈಕೋ’ದ ಸ್ನಾನದ ಮನೆ ಕೊಲೆ ಬಗ್ಗೆ ಎಲ್ರೂ ಮಾತಾಡ್ತಾರೆ, ಮುಕ್ಕಾಲು ನಿಮಿಷದ ಸೀನಿಗೆ ಏಳು ದಿನ ಶೂಟಿಂಗ್ ಮಾಡಿದ್ರು. ಆದ್ರೆ ಎದೆ ಬಿಗಿಯೋದು ಚಾಕು ಬಂದಾಗ ಅಲ್ಲ, ಅದಕ್ಕೂ ಮುಂಚೆ ಆ ಹೆಂಗಸು ಆರಾಮಾಗಿ ನೀರು ಹುಯ್ಕೊಳ್ತಿರ್ಬೇಕಾದ್ರೆ ಶವರ್ ಪರದೆ ಆಚೆ ಬಾಗಿಲು ತೆಗೆದು ಒಂದು ಆಕೃತಿ ಹತ್ತಿರ ಬರುತ್ತಲ್ಲ, ಕಟ್ಟೇ ಇಲ್ಲದ ಆ ಕೆಲವು ಸೆಕೆಂಡಲ್ಲಿ.

ಹಗಲಿನ ಮಾತು ಕೇಳಿದ್ರಿ. ಪವನ್ ಕುಮಾರ್ ಅವರ 2016ರ ‘ಯೂ ಟರ್ನ್’ ನೆನಪಿಸ್ಕೊಳ್ಳಿ, ಬೆಂಗಳೂರಿನ ಫ್ಲೈಓವರ್, ಯೂ ಟರ್ನ್ ಹೊಡೆಯೋಕೆ ಡಿವೈಡರ್ ಕಲ್ಲು ಪಕ್ಕಕ್ಕೆ ಸರಿಸೋ ಬೈಕಿನೋರು. ಮಂಜೂ ಇಲ್ಲ ಬಂಗ್ಲೆನೂ ಇಲ್ಲ, ಆದ್ರೆ ಸಿನಿಮಾ ನೋಡಿದ್ಮೇಲೆ ಜಾಗ ಬಿಟ್ಟ ಕಲ್ಲು ಕಂಡ್ರೆ ಸಾಕು, ಏನೋ ಆಗುತ್ತೆ.

ಪ್ರಶ್ನೆ: ಹೀರೋ ಮೇಲಿಂದ ಕೆಳಗೆ ನೋಡ್ದಾಗ ನೆಲ ಎಳ್ಕೊಂಡು ಆಳಕ್ಕೆ ಹೋದಂಗೆ ಕಾಣುತ್ತಲ್ಲ, ಅದು ಗ್ರಾಫಿಕ್ಸಾ?
– ಸೋಮವಾರಪೇಟೆಯಿಂದ

ಉತ್ತರ: ಅಲ್ಲ. ಕ್ಯಾಮೆರಾ ಒಂದು ದಿಕ್ಕಿಗೆ ಸರೀತಾ ಇರುತ್ತೆ, ಅದೇ ಹೊತ್ತಿಗೆ ಲೆನ್ಸಲ್ಲಿ ಉಲ್ಟಾ ದಿಕ್ಕಿಗೆ ಜೂಮ್ ಮಾಡ್ತಾರೆ. 1958ರ ‘ವರ್ಟಿಗೋ’ದಲ್ಲಿ ಇದು ಫೇಮಸ್ ಆಯ್ತು. ನಿಜವಾದ ಮೆಟ್ಟಿಲ ಮೇಲೆ ಅಷ್ಟು ಎತ್ತರದಲ್ಲಿ ಕ್ಯಾಮೆರಾ ಸರಿಸೋದು ಕಷ್ಟ ಅಂತ ಚಿಕ್ಕ ಮಾಡೆಲ್ ಮಾಡಿ ಅದನ್ನ ಅಡ್ಡಡ್ಡ ಮಲಗಿಸಿ ತೆಗೆದ್ರು. ಈಗ ಎಲ್ರೂ ಮಾಡಿ ಮಾಡಿ ಸವೆಸಿಬಿಟ್ಟಿದ್ದಾರೆ, ಒಂದು ಸಿನಿಮಾಗೆ ಒಂದೇ ಸಲ ಸಾಕು.

ಪ್ರಶ್ನೆ: ಸರ್, ನಾವು ಕಾಲೇಜ್ ಫ್ರೆಂಡ್ಸ್ ಸೇರಿ ಅಜ್ಜಿಮನೆ ತೋಟದಲ್ಲಿ ಮೊಬೈಲಲ್ಲೇ ಒಂದು ಥ್ರಿಲ್ಲರ್ ಶಾರ್ಟ್ ಫಿಲ್ಮ್ ಮಾಡ್ತಿದ್ದೀವಿ. ರಾತ್ರಿ ಸೀನ್ ಬರೀ ಚುಕ್ಕೆ ಚುಕ್ಕೆ ಬರುತ್ತೆ, ಮಂಜು ಕೊಳಕು ಬೂದಿ ಥರ ಕಾಣುತ್ತೆ. ಏನ್ ಮಾಡೋದು?
– ಮಡಿಕೇರಿಯ ವಿದ್ಯಾರ್ಥಿ

ಉತ್ತರ: ರಾತ್ರಿ ಸೀನನ್ನ ರಾತ್ರಿ ತೆಗೀಬೇಡಿ. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿ ಇರೋ ಆ ಇಪ್ಪತ್ತು ನಿಮಿಷ ಇದ್ಯಲ್ಲ, ಆಗ ಎಕ್ಸ್‌ಪೋಶರ್ (ಫೋನ್ ಕ್ಯಾಮೆರಾ ತಗೊಳ್ಳೋ ಬೆಳಕು) ಇಳಿಸಿ ತೆಗೀರಿ, ಮನೆ ಕಿಟಕೀಲಿ ಒಂದು ಹಳದಿ ಬಲ್ಬ್ ಉರೀತಿರ್ಲಿ. ಮಂಜಿಗೆ ಉಲ್ಟಾ. ಬಿಳೀದು ಜಾಸ್ತಿ ಕಂಡ್ರೆ ಫೋನು ತಾನೇ ಡಲ್ ಮಾಡಿಬಿಡುತ್ತೆ, ಹಾಗಾಗಿ ಎಕ್ಸ್‌ಪೋಶರ್ ಒಂಚೂರು ಏರಿಸಿ ಲಾಕ್ ಮಾಡಿ. ಲೈಟನ್ನ ಕ್ಯಾಮೆರಾ ಪಕ್ಕದಿಂದ ಮಾತ್ರ ಬಿಡಬೇಡಿ. ಘಾಟಿಯಲ್ಲಿ ಮಂಜಿಗೆ ಹೈ ಬೀಮ್ ಹಾಕಿದ್ರೆ ಎದುರಿಗೆ ಬಿಳೀ ಗೋಡೆ ನಿಲ್ಲುತ್ತಲ್ಲ, ಅದೇ ಕಥೆ ಇಲ್ಲೂ. ಟಾರ್ಚು ಪಾತ್ರದ ಹಿಂದೆ ಇರ್ಲಿ, ಆಗ ಮಂಜು ಹೊಳೆಯುತ್ತೆ, ಮನುಷ್ಯ ಕಪ್ಪಾಗಿ ನಿಲ್ತಾನೆ.

ತೋಟದ ಸಿಲ್ವರ್ ಓಕ್ ಮರದ ಸಾಲು ನಿಮಗೆ ಫ್ರೀಯಾಗಿ ಸಿಕ್ಕಿರೋ ಸೆಟ್ಟು. ಪಾತ್ರ ಒಂದೊಂದೇ ಮರದ ಹಿಂದೆ ಹಾದು ಹೋಗ್ಲಿ, ಕ್ಯಾಮೆರಾ ಅಲ್ಲಾಡಿಸ್ಬೇಡಿ, ಮೂರನೇ ಮರದ ಹಿಂದೆ ಹೋದೋನು ಆಚೆ ಕಡೆ ಬರೋದು ಒಂದೆರಡು ಸೆಕೆಂಡ್ ಲೇಟಾಗ್ಲಿ. ಅಡುಗೆಮನೇಲಿ ಗಾಜಿನ ಹೆಂಚಿದ್ರೆ ಒಲೆ ಹೊಗೇಲಿ ಬಿಸಿಲುಕೋಲು ಚೆನ್ನಾಗಿ ಬರುತ್ತೆ, ಇಲ್ಲಾಂದ್ರೆ ಹೊರಗಿಂದ ಕನ್ನಡಿ ಹಿಡೀರಿ. ನಗಬೇಡಿ, ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೇ ಫೂಲ್’ನಲ್ಲಿ ಸ್ಟುಡಿಯೋ ಒಳಗೆ ಆ ಬಿಸಿಲು ತಂದಿದ್ದೂ ಕನ್ನಡಿಯಿಂದಾನೇ.

ದೆವ್ವಕ್ಕೋ ಕೊಲೆಗಾರನಿಗೋ ಮೇಕಪ್ ಮಾಡೋಕೆ ದುಡ್ಡಿಲ್ಲ ಅಂತ ಕೊರಗಬೇಡಿ. 1975ರ ‘ಜಾಸ್’ನಲ್ಲಿ ಯಂತ್ರದ ಶಾರ್ಕು ಉಪ್ಪು ನೀರಲ್ಲಿ ಪದೇಪದೇ ಕೆಟ್ಟು ಕೂತಿದ್ದಕ್ಕೆ ಸ್ಪೀಲ್‌ಬರ್ಗ್ ನೀರಿನ ಮಟ್ಟದಲ್ಲಿ ಕ್ಯಾಮೆರಾ ಇಟ್ಟು, ಶಾರ್ಕಿಗೆ ಸಿಕ್ಕಿಸಿದ ತೇಲೋ ಹಳದಿ ಪೀಪಾಯಿ ತೋರಿಸಿಯೇ ಶಾರ್ಕ್ ಬಂತು ಅನ್ನಿಸಿಬಿಟ್ರು. ನಿಮಗೆ ಎದೆಮಟ್ಟ ಕಾಫಿ ಗಿಡ ಇದೆ, ಅಲ್ಲಾಡಿಸೋಕೆ ಒಬ್ಬ ಫ್ರೆಂಡ್ ಸಾಕು.

ಆದ್ರೆ ಸಂಜೆ ಆರು ಗಂಟೆಗೆ ಮುಂಚೆ ತೋಟದ ಒಳಗಿಂದ ಬಂದ್ಬಿಡಿ, ಆ ಇಪ್ಪತ್ತು ನಿಮಿಷದ ಸೀನ್ ಅಂಗಳದಲ್ಲೇ ಇಟ್ಕೊಳ್ಳಿ. ಹೋಗೋ ಮುಂಚೆ ತೋಟದ ರೈಟರ್‌ಗೆ (ಕೆಲಸ, ಲೆಕ್ಕ ನೋಡ್ಕೊಳ್ಳೋರಿಗೆ) ಹೇಳಿ ಹೋಗಿ. ಗಿಡ ಅಲ್ಲಾಡಿಸ್ತಿರೋದು ನಿಮ್ಮ ಫ್ರೆಂಡೇ ಅಂತ ಗ್ಯಾರಂಟಿ ಇರ್ಬೇಕಲ್ಲ.