ಯಾರೂ ಕಾಣದ ಕತ್ತಿಹಲ್ಲಿನ ಬೆಕ್ಕನ್ನು ಕಂಚಿನಲ್ಲಿ ಎರೆಯುವುದು ಹೇಗೆ?

ಸ್ಮೈಲೊಡಾನ್ ಎಂಬ, ಈಗ ಅಳಿದುಹೋಗಿರುವ ಕತ್ತಿಹಲ್ಲಿನ ಬೆಕ್ಕಿನ ಶಿಲ್ಪವನ್ನು ಸಂಗ್ರಹಾಲಯಕ್ಕಾಗಿ ಕಂಚಿನಲ್ಲಿ ಎರೆಸುವುದಕ್ಕಿಂತ, ಬಣ್ಣ ಬಳಿದ ಫೈಬರ್ ಪ್ರತಿಮೆಯೇ ಹೆಚ್ಚು ನೈಜವಾಗಿ ಕಾಣುವುದಿಲ್ಲವೇ ಎಂದು ತಾವು ಕೇಳಿದ್ದೀರಿ. ಎರಕದ ಕೆಲಸ ಬಲ್ಲವನಾಗಿ ನಾನು ಕಂಚಿನ ಪಕ್ಷದಲ್ಲಿದ್ದೇನೆ. ಈ ಪ್ರಾಣಿಯ ಮೈಮೇಲೆ ಚುಕ್ಕೆಗಳಿದ್ದವೋ ಪಟ್ಟೆಗಳಿದ್ದವೋ ಎಂಬುದನ್ನು ಮೂಳೆ ಹೇಳುವುದಿಲ್ಲ. ಬಣ್ಣ ಬಳಿಯುವವನು ಯಾವುದಾದರೊಂದನ್ನು ಆರಿಸಲೇಬೇಕು, ಕಂಚಿನವನಿಗೆ ಸುಮ್ಮನಿರುವ ಅವಕಾಶವಿದೆ.

ಮೈಕಟ್ಟಿನ ವಿಷಯದಲ್ಲಿ ಆ ಅವಕಾಶವಿಲ್ಲ. ಲಾಸ್ ಏಂಜಲೀಸ್‌ನ ಲಾ ಬ್ರೇಯಾ ಡಾಂಬರು ಹೊಂಡಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಮೈಲೊಡಾನ್‌ಗಳ ಅವಶೇಷಗಳು ಸಿಕ್ಕಿರುವುದರಿಂದ, ಮುಂಗಾಲುಗಳು ಅತಿ ದಪ್ಪ, ಬಾಲ ಮೋಟು ಎಂಬುದರಲ್ಲಿ ಸಂಶಯವಿಲ್ಲ. ಹುಲಿಯ ಮೈಗೆ ಉದ್ದ ಹಲ್ಲು ಅಂಟಿಸಿದ ಶಿಲ್ಪಗಳನ್ನು ಕಂಡಾಗ ನನಗೆ ಬೇಸರವಾಗುವುದು ಇದಕ್ಕೇ. ಇದರ ಸಂಬಂಧಿಯಾದ ಹೋಮೊಥೀರಿಯಂನ ಮೂರು ವಾರದ ಮರಿಯೊಂದು 2020ರಲ್ಲಿ ರಷ್ಯಾದ ಯಾಕುಟಿಯಾದ ಹೆಪ್ಪುಗಟ್ಟಿದ ನೆಲದಲ್ಲಿ ರೋಮಸಹಿತ ಸಿಕ್ಕಿತು. 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅದರ ಕುತ್ತಿಗೆ ಅದೇ ವಯಸ್ಸಿನ ಸಿಂಹದ ಮರಿಯ ಕುತ್ತಿಗೆಗಿಂತ ಎರಡು ಪಟ್ಟಿಗೂ ಹೆಚ್ಚು ದಪ್ಪವಾಗಿತ್ತು. ಶಿಲ್ಪಿಗೆ ಇಂತಹ ಆಧಾರ ಅಪರೂಪ.

ಎರಕದಲ್ಲಿ ಹೆಚ್ಚು ಕಾಡುವುದು ಕೋರೆಹಲ್ಲುಗಳೇ. ಕಂಚು ಆರುವಾಗ ಸುಮಾರು ಶೇಕಡಾ 1.5ರಿಂದ 2ರಷ್ಟು ಕುಗ್ಗುವುದರಿಂದ 18 ಸೆಂಟಿಮೀಟರ್ ಉದ್ದದ ಹಲ್ಲು 3 ಮಿಲಿಮೀಟರ್‌ನಷ್ಟು ಗಿಡ್ಡವಾಗುತ್ತದೆ. ಅಷ್ಟನ್ನು ಮಣ್ಣಿನ ಮಾದರಿಯಲ್ಲೇ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಟೊಳ್ಳಾದ ಮೈಯ ಗೋಡೆ 5 ಮಿಲಿಮೀಟರ್ ಇದ್ದು ಹಲ್ಲು ಒಳಗೆಲ್ಲ ಕಂಚು ತುಂಬಿ ಗಟ್ಟಿಯಾಗಿದ್ದರೆ, ಎರಡೂ ಕೂಡುವ ಒಸಡಿನ ಬಳಿ ಲೋಹ ತಡವಾಗಿ ಆರಿ ಒಳಗೆ ಪೊಳ್ಳು ಉಳಿಯುತ್ತದೆ. ಆದ್ದರಿಂದ ಹಲ್ಲನ್ನು ಬೇರೆಯಾಗಿ ಎರೆದು ಬೆಸೆಯುವುದೇ ಕ್ಷೇಮ. ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಎರಕಕ್ಕೆಂದು ಮೇಣದಲ್ಲಿ ಮಾಡಿಕೊಂಡ ಹಲ್ಲು ತನ್ನ ಭಾರಕ್ಕೇ ಬಾಗಿದ್ದನ್ನು ಕಂಡ ಮೇಲೆ, ಅಂತಹ ಭಾಗಗಳನ್ನು ನಾನು ತಣ್ಣೀರಿನಲ್ಲೇ ಇಡುತ್ತೇನೆ. ಹಲ್ಲಿನ ಅಂಚಿನಲ್ಲಿರುವ ಗರಗಸದಂತಹ ಸಣ್ಣ ಕಚ್ಚುಗಳ ಮೇಲೆ ಲೋಹ ಉಜ್ಜುವ ಅರ ಒಮ್ಮೆ ಆಡಿದರೂ ಸಾಕು, ಅವು ಮಾಯವಾಗುತ್ತವೆ.

ಅಮೆರಿಕದ ವ್ಯೋಮಿಂಗ್ ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹಾಲಯದ ಮುಂದೆ ಸ್ಯಾಮ್ಯುಯೆಲ್ ನೈಟ್ ಅವರು 1964ರಲ್ಲಿ ತಾಮ್ರದ ತಗಡಿನಿಂದ ನಿರ್ಮಿಸಿದ ಟೈರನೊಸಾರಸ್ ಎಂಬ ಡೈನೋಸಾರ್ ಶಿಲ್ಪ ಇದೆ. ಅದು ಅಂದಿನ ತಿಳಿವಳಿಕೆಯಂತೆ ಇಂದಿಗೂ ನೆಟ್ಟಗೆ ನಿಂತಿದೆ, ಬೆನ್ನು ನೆಲಕ್ಕೆ ಸಮಾನಾಂತರವಾಗಿತ್ತೆಂದು ವಿಜ್ಞಾನಿಗಳು ಅನಂತರ ಒಪ್ಪಿದರೂ. ಹೀಗಾಗಿ ಮಣ್ಣು ಒದ್ದೆಯಿರುವಾಗಲೇ ಪಳೆಯುಳಿಕೆ ತಜ್ಞರೊಬ್ಬರನ್ನು ಕರೆಸಿ ತೋರಿಸಿ. ಎರೆದ ಮೇಲೆ ಕತ್ತನ್ನು ತುಸು ತಗ್ಗಿಸಬೇಕೆಂದರೂ ಕಂಚನ್ನು ಕೊಯ್ದು, ಬೆಸೆದು, ಆ ಜಾಗದ ರೋಮವನ್ನೆಲ್ಲ ಉಳಿ ಹಿಡಿದು ಮತ್ತೆ ಕೆತ್ತಬೇಕಾಗುತ್ತದೆ.