13.7 ಅಚ್ಚಿನ ತಪ್ಪಲ್ಲ, ಮೇಷ್ಟ್ರೇ

(ಫಿಜಿ ದೇಶದ ಅಂಗವಿಕಲರ ಕಾನೂನಿನ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಒಂದು ಪುಟ್ಟ ಟಿಪ್ಪಣಿ ಹಾಕಿದ್ದೆವು. ಅದನ್ನು ಓದಿ ಹಾಸನ ಜಿಲ್ಲೆಯ ನಿವೃತ್ತ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: "ಫಿಜಿಯಲ್ಲಿ ಶೇ. 13.7 ಜನ ಅಂಗವಿಕಲರು ಎಂದು ಹಾಕಿದ್ದೀರಿ. ನಮ್ಮಲ್ಲಿ ಶೇ. 2 ಚಿಲ್ಲರೆ. ಅದು 1.37 ಇರಬೇಕು, ಅಚ್ಚಿನ ತಪ್ಪು. ಇನ್ನೊಂದು, ಕಾನೂನು ಮಾಡಿದರು ಎಂದು ಹೊಗಳಿದ್ದೀರಿ. ಅದರಿಂದ ಜನರ ಕೈಗೆ ಏನು ಸಿಕ್ಕಿತು ಎಂದು ಬರೆದಿಲ್ಲ. ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ಗಿರೀಶ್ ಜೊತೆ ಎತ್ತರ ಜಿಗಿದ ಆ ಫಿಜಿ ಹುಡುಗ ಈಗೇನು ಮಾಡಿದ ಅಂತಲಾದರೂ ಬರೆಯಬಹುದಿತ್ತು." ಪತ್ರದ ಕೆಳಗೆ ಅವರ ಮೊಮ್ಮಗಳು ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ: "ಅಲ್ಲಿ ವೀಲ್‌ಚೇರ್ ಜೊತೆ ಬಸ್ ಹತ್ತೋಕಾಗುತ್ತಾ?")

ಮೇಷ್ಟ್ರೇ, ನಮಸ್ಕಾರ.

ಸಂಖ್ಯೆ ಸರಿಯಾಗಿಯೇ ಇದೆ. ಅದರ ಹಿಂದಿನ ಕಥೆ ಹೇಳದೆ ಸುಮ್ನೆ ಅಚ್ಚು ಹಾಕಿದ್ದು ನಮ್ಮ ತಪ್ಪು. ಓದಿದವರಿಗೆ ಅನುಮಾನ ಬರುವುದು ಸಹಜ.

2017ರ ಜನಗಣತಿಯಲ್ಲಿ ಫಿಜಿಯ ಜನಸಂಖ್ಯೆ 8,84,887. ಅದರಲ್ಲಿ ಮೂರು ವರ್ಷ ದಾಟಿದವರ ಪೈಕಿ 1,13,595 ಮಂದಿಗೆ ಒಂದಲ್ಲ ಒಂದು ತೊಂದರೆ ಇದೆ ಎಂದು ಲೆಕ್ಕ ಸಿಕ್ಕಿತು. ಅದೇ ಶೇ. 13.7. ನಮ್ಮ 2011ರ ಜನಗಣತಿಯಲ್ಲಿ ಬಂದದ್ದು ಶೇ. 2.21. ಹಾಗಾದರೆ ಫಿಜಿಯ ಗಾಳಿ ನೀರಿನಲ್ಲಿ ಏನಾದರೂ ದೋಷ ಇದೆಯಾ? ಇಲ್ಲ. ವ್ಯತ್ಯಾಸ ಇರುವುದು ಕೇಳಿದ ಪ್ರಶ್ನೆಯಲ್ಲಿ.

ಅಲ್ಲಿನ ಗಣತಿದಾರರು "ಅಂಗವಿಕಲರು ಇದ್ದಾರಾ" ಎಂದು ಕೇಳಲಿಲ್ಲ. ಕನ್ನಡಕ ಹಾಕಿಕೊಂಡರೂ ಕಾಣೋದು ಕಷ್ಟವಾ? ಕೇಳಿಸಿಕೊಳ್ಳೋದು? ನಡೆಯೋದು, ಮೆಟ್ಟಿಲು ಹತ್ತೋದು? ನೆನಪಿಟ್ಟುಕೊಳ್ಳೋದು? ಸ್ನಾನ ಮಾಡಿ ಬಟ್ಟೆ ಹಾಕಿಕೊಳ್ಳೋದು? ಹೇಳಿದ್ದು ಬೇರೆಯವರಿಗೆ ಅರ್ಥ ಆಗುತ್ತಾ? ಇಂಥ ಆರು ಪ್ರಶ್ನೆ. ಉತ್ತರಕ್ಕೆ ನಾಲ್ಕು ಮೆಟ್ಟಿಲು: ಕಷ್ಟವಿಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗೋದೇ ಇಲ್ಲ. ಇದಕ್ಕೆ ವಾಷಿಂಗ್ಟನ್ ಗ್ರೂಪ್ ಪ್ರಶ್ನೆಗಳು ಎಂದು ಹೆಸರು. ಶೇ. 13.7ರಲ್ಲಿ "ಸ್ವಲ್ಪ ಕಷ್ಟ" ಎಂದವರೂ ಸೇರಿದ್ದಾರೆ. ತುಂಬಾ ಕಷ್ಟ ಇರುವವರನ್ನಷ್ಟೇ ಎಣಿಸಿದರೆ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಅವರ 13.7ನ್ನೂ ನಮ್ಮ 2.21ನ್ನೂ ಒಂದೇ ತಕ್ಕಡಿಯಲ್ಲಿ ಇಡಲು ಬರುವುದಿಲ್ಲ.

ನಮ್ಮಲ್ಲಿ ಕೇಳಿದ್ದು ಹೇಗೆ ಎಂಬುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. 2011ರಲ್ಲಿ ಗಣತಿಗೆ ಬಂದ ಟೀಚರು ನಮ್ಮ ಜಗಲಿಯಲ್ಲಿ ಕೂತು ಹಾಳೆ ಬಿಡಿಸಿಕೊಂಡರು. "ಮನೇಲಿ ಅಂಗವಿಕಲರು ಯಾರಾದ್ರೂ ಇದ್ದಾರಾ?" ಅಮ್ಮ ನನ್ನ ಮುಖ ನೋಡಿದರು, ಪ್ರಶ್ನೆ ಅವರಿಗೆ ಕೇಳಿಸಿರಲಿಲ್ಲ. ನಾನು ಅವರ ಕಿವಿಯ ಹತ್ತಿರ ಬಗ್ಗಿ ಅದನ್ನೇ ಜೋರಾಗಿ ಹೇಳಿದೆ. "ಅಯ್ಯೋ, ಅಂಥೋರ್ಯಾರೂ ಇಲ್ಲ ಕಣಮ್ಮ" ಎಂದರು ಅಮ್ಮ. ಟೀಚರು ಬರೆದುಕೊಂಡರು, ಕಾಫಿ ಕುಡಿದು ಹೊರಟರು. ಅಮ್ಮನಿಗೆ ಬಲಗಿವಿ ಪೂರ್ತಿ ಹೋಗಿ ಆಗಲೇ ಹತ್ತು ವರ್ಷ ಆಗಿತ್ತು. ಪಕ್ಕದಲ್ಲೇ ಕೂತಿದ್ದ ನಾನೂ ಬಾಯಿ ಬಿಡಲಿಲ್ಲ. ಆ ಪದ ಅಮ್ಮನಿಗೆ ಅಂಟುವುದು ನನಗೂ ಬೇಕಿರಲಿಲ್ಲ ಅಂತ ಕಾಣುತ್ತೆ. "ಕೇಳಿಸಿಕೊಳ್ಳೋದು ಕಷ್ಟವಾ?" ಎಂದು ಕೇಳಿದ್ದರೆ ಅಮ್ಮ ಅರ್ಧ ಗಂಟೆ ಮಾತಾಡುತ್ತಿದ್ದರು.

ನಿಮ್ಮ ಎರಡನೇ ಪ್ರಶ್ನೆ, ಕೈಗೆ ಸಿಕ್ಕಿದ್ದೇನು ಅಂತ. ಮೊದಲು ಕಾಗದದ ಮೇಲಿರುವುದನ್ನು ಹೇಳಿಬಿಡುತ್ತೇನೆ. ಫಿಜಿಯ 2013ರ ಸಂವಿಧಾನದ 42ನೇ ವಿಧಿ ಪೂರ್ತಿಯಾಗಿ ಅಂಗವಿಕಲರಿಗೇ ಮೀಸಲು. ಎಲ್ಲ ಜಾಗಕ್ಕೂ ಹೋಗುವ, ಬಸ್ಸು ಹಡಗು ಹತ್ತುವ, ಮಾಹಿತಿ ಪಡೆಯುವ ಹಕ್ಕು. ಸನ್ನೆ ಭಾಷೆ, ಬ್ರೈಲ್ ಬಳಸುವ ಹಕ್ಕು. ಬೇಕಾದ ಸಾಧನ ಪಡೆಯುವ ಹಕ್ಕು. ಕಟ್ಟಡ, ವಾಹನ, ಕೆಲಸದ ನಿಯಮ ಇವನ್ನೆಲ್ಲ ತಮಗೆ ತಕ್ಕಂತೆ ಬದಲಾಯಿಸಿ ಎಂದು ಕೇಳುವ ಹಕ್ಕು. ಓದಿದರೆ ಖುಷಿಯಾಗುತ್ತದೆ. ಆದರೆ ಅದರಲ್ಲಿ ಮತ್ತೆ ಮತ್ತೆ ಬರುವ ಪದ ಒಂದಿದೆ, ರೀಸನಬಲ್. ಅಂದರೆ ತಕ್ಕಮಟ್ಟಿಗೆ. ತಕ್ಕಮಟ್ಟಿಗೆ ಅಂದರೆ ಎಷ್ಟು ಎಂದು ಅಳೆಯುವವರು ಯಾರು? ಮೆಟ್ಟಿಲು ಕಟ್ಟಿದವರೇ ಅಳೆದರೆ ರ‍್ಯಾಂಪ್ ಯಾವತ್ತೂ ದುಬಾರಿಯೇ. ಅದೂ ಸಾಲದೆಂಬಂತೆ, ಅಗತ್ಯ ಬಿದ್ದರೆ ಈ ಹಕ್ಕುಗಳಿಗೆ ಕಾನೂನಿನ ಮೂಲಕ ಮಿತಿ ಹಾಕಬಹುದು ಎಂದು ಅದೇ ವಿಧಿಯ ಕೊನೆಯಲ್ಲಿದೆ. ನನಗೆ ಈ ಕೊನೆಯ ಸಾಲು ಹಿಡಿಸುವುದಿಲ್ಲ.

ಅಂಗವಿಕಲರ ಹಕ್ಕುಗಳ ಬಗೆಗಿನ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಫಿಜಿ 2010ರಲ್ಲಿ ಸಹಿ ಹಾಕಿತು. ಅದನ್ನು ಅಂಗೀಕರಿಸಿದ್ದು ಏಳು ವರ್ಷ ಬಿಟ್ಟು, 2017ರಲ್ಲಿ. ಮರುವರ್ಷ ಅಂಗವಿಕಲರ ಹಕ್ಕುಗಳ ಕಾನೂನು ಬಂತು. 1994ರ ಹಳೇ ಕಾನೂನಿನ ಜಾಗದಲ್ಲಿ ಇದು ಬಂದದ್ದು, ಅಂಗವಿಕಲರ ರಾಷ್ಟ್ರೀಯ ಮಂಡಳಿಯೂ ಹೊಸದಾಯಿತು. ಇದೆಲ್ಲ ಸುಮ್ಮನೆ ಆಗಲಿಲ್ಲ. ಕಣ್ಣು ಕಾಣದವರು, ಕಿವಿ ಕೇಳದವರು, ಬೆನ್ನುಹುರಿಗೆ ಪೆಟ್ಟು ಬಿದ್ದವರು, ಮಾನಸಿಕ ಕಾಯಿಲೆ ದಾಟಿ ಬಂದವರು, ಹೀಗೆ ಅವರವರೇ ಕಟ್ಟಿಕೊಂಡ ಸಂಘಗಳು ಅಲ್ಲಿವೆ. ಇಡೀ ಪೆಸಿಫಿಕ್ ದ್ವೀಪಗಳ ಅಂಗವಿಕಲರ ಸಂಘಟನೆಯಾದ ಪೆಸಿಫಿಕ್ ಡಿಸೆಬಿಲಿಟಿ ಫೋರಂನ ಕಚೇರಿ ಇರುವುದೂ ರಾಜಧಾನಿ ಸುವಾದಲ್ಲೇ. ಅದನ್ನು ಬಹಳ ವರ್ಷ ನಡೆಸಿದವರು ಸೆತಾರೆಕಿ ಮದನವಾಯ್. ಅವರಿಗೆ ಕಣ್ಣು ಕಾಣುವುದಿಲ್ಲ.

ಇನ್ನು ಕೈಗೆ ಸಿಕ್ಕಿದ್ದು. 2017ರಲ್ಲಿ ಅಂಗವಿಕಲರಿಗೆಂದೇ ಮಾಸಾಶನ ಶುರುವಾಯಿತು. ಶುರುವಿನಲ್ಲಿ ತಿಂಗಳಿಗೆ 90 ಫಿಜಿ ಡಾಲರ್, ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 2,800 ರೂಪಾಯಿ. ಬಸ್ ಪ್ರಯಾಣಕ್ಕೂ ಸರ್ಕಾರದ ನೆರವಿದೆ. ಇವು ಸಣ್ಣವಲ್ಲ. ಆದರೆ ಫಿಜಿ ಅಂದರೆ ಒಂದು ನೆಲ ಅಲ್ಲ ಮೇಷ್ಟ್ರೇ, 300ಕ್ಕೂ ಜಾಸ್ತಿ ದ್ವೀಪ. ಅದರಲ್ಲಿ ಜನ ಇರುವುದು ನೂರರ ಆಸುಪಾಸಿನಲ್ಲಿ. ಕಿವುಡ ಮಕ್ಕಳ ಶಾಲೆ, ಕುರುಡು ಮಕ್ಕಳ ಶಾಲೆ ಎರಡೂ ಸುವಾದಲ್ಲಿ. ದೂರದ ದ್ವೀಪದ ಮಗು ಅಲ್ಲಿ ಓದಬೇಕೆಂದರೆ ಅಪ್ಪ ಅಮ್ಮನನ್ನು ಬಿಟ್ಟು ಸಮುದ್ರ ದಾಟಬೇಕು.

ಅಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ. ಅದರಿಂದ ಕಾಲು ಕಳೆದುಕೊಳ್ಳುವವರೂ ಜಾಸ್ತಿ. ಸುವಾದ ಆಸ್ಪತ್ರೆಯಲ್ಲಿ ಕಾಲು ತೆಗೆಸಿಕೊಂಡು ದ್ವೀಪಕ್ಕೆ ಮರಳುವ ಒಬ್ಬ ಗಂಡಸನ್ನು ಕಣ್ಮುಂದೆ ತಂದುಕೊಳ್ಳಿ. ಎಷ್ಟೋ ಕಡೆ ಕಟ್ಟೆ ಇಲ್ಲ, ದೋಣಿ ದಡಕ್ಕೆ ತಾಗುವುದಿಲ್ಲ. ಮೊಣಕಾಲುದ್ದ ನೀರಿಗೆ ಇಳಿದು ನಡೆಯಬೇಕು. ಅವನನ್ನು ಯಾರಾದರೂ ಹೆಗಲ ಮೇಲೆ ಹೊರಬೇಕು, ವೀಲ್‌ಚೇರನ್ನು ಇನ್ನೊಬ್ಬರು ಹೊರಬೇಕು. ದಡ ಸೇರಿದ ಮೇಲೂ ಆ ಮರಳಲ್ಲಿ ಗಾಲಿ ಉರುಳುವುದಿಲ್ಲ. 42ನೇ ವಿಧಿ ಈ ದಡಕ್ಕೂ ಅನ್ವಯಿಸುತ್ತದೆ. ತಕ್ಕಮಟ್ಟಿಗೆ ಎಂಬ ಪದದ ಮೇಲೆ ನಾನು ಇಷ್ಟು ಹೊತ್ತು ಜಗಳ ತೆಗೆದದ್ದು ಇದಕ್ಕೇ.

ಗಿರೀಶ್ ವಿಷಯಕ್ಕೆ ಬರೋಣ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ ನಿಮ್ಮ ಜಿಲ್ಲೆಯ ಎಚ್.ಎನ್. ಗಿರೀಶ್, ಫಿಜಿಯ ಇಲಿಯೆಸಾ ಡೆಲಾನಾ, ಪೋಲೆಂಡ್‌ನ ಇನ್ನೊಬ್ಬರು, ಮೂವರೂ ಜಿಗಿದದ್ದು 1.74 ಮೀಟರ್. ಪದಕ ಹಂಚಿದ್ದು ಯಾರು ಎಷ್ಟು ಸಲ ತಪ್ಪಿದರು ಎಂಬ ಲೆಕ್ಕದ ಮೇಲೆ. ಒಂದೇ ಕಾಲಲ್ಲಿ ಕುಪ್ಪಳಿಸುತ್ತ ಬಂದು ಹಾರಿದ ಡೆಲಾನಾಗೆ ಚಿನ್ನ, ಗಿರೀಶ್‌ಗೆ ಬೆಳ್ಳಿ. ಒಲಿಂಪಿಕ್ಸ್, ಪ್ಯಾರಾಲಿಂಪಿಕ್ಸ್ ಎರಡೂ ಸೇರಿ ಫಿಜಿಗೆ ಅದೇ ಮೊಟ್ಟಮೊದಲ ಪದಕ. ಗಿರೀಶ್‌ಗೆ ಮರುವರ್ಷ ಪದ್ಮಶ್ರೀ ಬಂದದ್ದು ನಿಮಗೆ ಗೊತ್ತೇ ಇದೆ. ಡೆಲಾನಾ 2014ರ ಚುನಾವಣೆಯಲ್ಲಿ ಗೆದ್ದು ಸಂಸತ್ತಿಗೆ ಹೋದರು, ಯುವಜನ ಮತ್ತು ಕ್ರೀಡೆಯ ಸಹಾಯಕ ಸಚಿವರಾದರು.

ಕೊನೆಗೆ ನಿಮ್ಮ ಮೊಮ್ಮಗಳಿಗೆ. ಇಡೀ ಪತ್ರದಲ್ಲಿ ಉತ್ತರ ಕೊಡಲು ಕಷ್ಟವಾದದ್ದು ನಿನ್ನ ಸಾಲಿಗೇ ಪುಟ್ಟಿ. ಅಲ್ಲಿನ ಬಹುತೇಕ ಬಸ್ಸುಗಳಿಗೆ ನಮ್ಮ ಕೆಂಪು ಬಸ್ಸಿನ ಹಾಗೇ ಎತ್ತರದ ಮೆಟ್ಟಿಲು. ಟಿಕೆಟ್ಟಿಗೆ ಸರ್ಕಾರದ ನೆರವಿದೆ, ಹತ್ತುವುದಕ್ಕೆ ಯಾರಾದರೂ ಎತ್ತಿಕೊಳ್ಳಬೇಕು. ನಿನ್ನ ಊರಿನಲ್ಲಿ ನೀನು ಬಸ್ ಹತ್ತುವುದು ಹೇಗೆ? ಯಾರು ಎತ್ತುತ್ತಾರೆ, ಡ್ರೈವರ್ ಎಷ್ಟು ಹೊತ್ತು ಕಾಯುತ್ತಾರೆ, ವೀಲ್‌ಚೇರ್ ಎಲ್ಲಿ ಇಡುತ್ತಾರೆ? ಎಲ್ಲ ಬರೆದು ಕಳಿಸು. ಪೆನ್ಸಿಲಿನಲ್ಲಾದರೂ ಸರಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ನಿನಗೆಂದು ತೆಗೆದಿಟ್ಟಿದ್ದೇನೆ.

ಸಂಪಾದಕ