ಉಟಾ ಹೇಗನ್ ಯಾರು? ನಟನೆ ಕಲಿಸುವವರು ಅವರ ಹೆಸರನ್ನು ಯಾಕೆ ಅಷ್ಟು ಹೇಳುತ್ತಾರೆ?

ಅಮೆರಿಕದ ರಂಗನಟಿ, ನಟನೆಯ ಗುರು. ನಾನು ಹವ್ಯಾಸಿ ತಂಡವೊಂದರಲ್ಲಿ ಪಾತ್ರ ಮಾಡುವವಳು. ಅವರು ನಟರಿಗೆ ಕೊಡುತ್ತಿದ್ದ ಒಂದೇ ಒಂದು ಅಭ್ಯಾಸ ನನ್ನನ್ನು ತಿದ್ದಿತು, ಅದರಿಂದಲೇ ಶುರು ಮಾಡುತ್ತೇನೆ.

ಮನೆಯಲ್ಲಿ ಒಬ್ಬರೇ ಇದ್ದಾಗಿನ ಎರಡು ನಿಮಿಷವನ್ನು ಇದ್ದ ಹಾಗೇ ಮತ್ತೆ ಮಾಡಿ ತೋರಿಸಬೇಕು. ಬೆಂಗಳೂರಿನ ಒಂದು ಶಿಬಿರದಲ್ಲಿ ನಾನು ಆರಿಸಿಕೊಂಡದ್ದು ಬೀಗದ ಕೈ ಹುಡುಕುವುದು. ಕಣ್ಣರಳಿಸಿ, ದಿಂಬು ಎತ್ತಿ, ಹಣೆ ಹಣೆ ಚಚ್ಚಿಕೊಂಡೆ. ಮೇಷ್ಟ್ರು ಕೇಳಿದರು: 'ಎಷ್ಟು ಗಂಟೆ? ಎಲ್ಲಿಗೆ ಹೊರಟಿದ್ದೀಯಮ್ಮ? ಕೊನೆಗೆ ಬೀಗದ ಕೈ ಇಟ್ಟದ್ದೆಲ್ಲಿ?' ನನ್ನ ಹತ್ತಿರ ಉತ್ತರವಿರಲಿಲ್ಲ. ಮಾರನೇ ದಿನ ಮನೆಯಿಂದ ನನ್ನದೇ ವ್ಯಾನಿಟಿ ಬ್ಯಾಗ್ ತಂದೆ. ಈ ಸಲ ಉತ್ತರವಿತ್ತು: ಎಂಟೂಕಾಲರ ಬಸ್ಸು, ಒಲೆಯ ಮೇಲೆ ಹಾಲು. ಬೆರಳು ತಾನಾಗಿ ಒಳಪದರದ ಹರಿದ ತೂತಿಗೆ ಹೋಯಿತು. ಹಣೆ ಚಚ್ಚಿಕೊಳ್ಳುವುದು ನೆನಪಿಗೂ ಬರಲಿಲ್ಲ. ನಾನು ಯಾರು, ಎಲ್ಲಿದ್ದೇನೆ, ಏನು ಬೇಕು, ಯಾವುದು ಅಡ್ಡ ಬರುತ್ತಿದೆ, ಅದಕ್ಕೆ ಏನು ಮಾಡುತ್ತೇನೆ: ಇಂಥ ಪ್ರಶ್ನೆಗಳೇ ಹೇಗನ್ ಪಾಠದ ಬೇರು.

ಅವರು ಹುಟ್ಟಿದ್ದು 1919ರಲ್ಲಿ, ಜರ್ಮನಿಯಲ್ಲಿ. ಕಲಾ ಇತಿಹಾಸಕಾರರಾಗಿದ್ದ ತಂದೆಗೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿ ಸಂಸಾರ ಅಮೆರಿಕಕ್ಕೆ ಬಂತು. 1938ರಲ್ಲಿ, ಇನ್ನೂ ಇಪ್ಪತ್ತು ತುಂಬುವ ಮೊದಲೇ, ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಬ್ರಾಡ್‌ವೇಯಲ್ಲಿ ರಷ್ಯದ ನಾಟಕಕಾರ ಚೆಕಾಫ್‌ನ 'ಸೀಗಲ್' ನಾಟಕದ ನೀನಾ ಆದರು. 1943ರಲ್ಲಿ ಶೇಕ್ಸ್‌ಪಿಯರ್‌ನ 'ಒಥೆಲೊ'ದಲ್ಲಿ ಕಪ್ಪು ನಟ ಪಾಲ್ ರೋಬ್ಸನ್ ಎದುರು ಒಥೆಲೊನ ಹೆಂಡತಿ ಡೆಸ್ಡಿಮೋನಾ. ಬಿಳಿಯ ಹೆಣ್ಣು, ಕಪ್ಪು ಗಂಡ ರಂಗದ ಮೇಲೆ ಒಟ್ಟಿಗೆ ನಿಲ್ಲುವುದು ಅಂದಿನ ಅಮೆರಿಕದಲ್ಲಿ ಸಣ್ಣ ಮಾತಲ್ಲ. ನಾಟಕ 296 ಪ್ರದರ್ಶನ ಕಂಡಿತು. ಮುಂದೆ ಅಮೆರಿಕದಲ್ಲಿ ಕಮ್ಯುನಿಸ್ಟರೆಂದು ಶಂಕಿಸಿ ಜನರನ್ನು ಬೇಟೆಯಾಡಿದ ದಿನಗಳಲ್ಲಿ ರೋಬ್ಸನ್ ಒಡನಾಟವೂ ಸೇರಿ ಹೇಗನ್ ಹೆಸರು ಕೆಲಸ ಕೊಡಬಾರದವರ ಕಪ್ಪುಪಟ್ಟಿಗೆ ಬಿತ್ತು. ಸಿನಿಮಾದ ಬಾಗಿಲು ಹೆಚ್ಚುಕಡಿಮೆ ಮುಚ್ಚಿತು. ಉಳಿದದ್ದು ರಂಗ ಮತ್ತು ಪಾಠ. ಆ ಅನ್ಯಾಯದ ದೊಡ್ಡ ಲಾಭ ಸಿಕ್ಕಿದ್ದು ಅವರ ಶಿಷ್ಯರಿಗೆ ಎಂದು ನನಗೇನೋ ಅನಿಸುತ್ತದೆ.

ನ್ಯೂಯಾರ್ಕಿನಲ್ಲಿ ಹರ್ಬರ್ಟ್ ಬರ್ಗಾಫ್ ಕಟ್ಟಿದ ನಟನೆಯ ಶಾಲೆ ಎಚ್‌ಬಿ ಸ್ಟುಡಿಯೋದಲ್ಲಿ 1947ರಿಂದ ಅರ್ಧ ಶತಮಾನ ಕಲಿಸಿದರು, ಬರ್ಗಾಫ್‌ರನ್ನೇ ಮದುವೆಯಾದರು. ಕಲಿಸುತ್ತಲೇ 1962ರಲ್ಲಿ ಅಮೆರಿಕದ ನಾಟಕಕಾರ ಎಡ್ವರ್ಡ್ ಆಲ್ಬಿಯ 'ಹೂ ಈಸ್ ಅಫ್ರೇಡ್ ಆಫ್ ವರ್ಜೀನಿಯಾ ವುಲ್ಫ್' ನಾಟಕದ ಮಾರ್ಥಾ ಆದರು. ಕುಡಿದು, ಬೈದು, ಒಡೆದುಹೋಗುವ ಆ ಹೆಂಗಸಿನ ಪಾತ್ರ ಎಷ್ಟು ಹಿಂಡುತ್ತಿತ್ತೆಂದರೆ ಹಗಲಿನ ಪ್ರದರ್ಶನಕ್ಕೆ ಬೇರೆಯದೇ ನಟವರ್ಗವಿತ್ತು. ಆ ಪಾತ್ರಕ್ಕೆ ಅವರಿಗೆ ಬ್ರಾಡ್‌ವೇ ರಂಗಭೂಮಿಯ ದೊಡ್ಡ ಗೌರವವಾದ ಟೋನಿ ಪ್ರಶಸ್ತಿ ಎರಡನೇ ಸಲ ಬಂತು. ತೀರಿಕೊಂಡದ್ದು 2004ರಲ್ಲಿ.

ಅವರ ಮೇಲೆ ನನಗೆ ಗೌರವ ಇನ್ನೂ ಹೆಚ್ಚಿದ್ದು ಬೇರೆ ಕಾರಣಕ್ಕೆ. 1973ರ ತಮ್ಮ ಪುಸ್ತಕ 'ರೆಸ್ಪೆಕ್ಟ್ ಫಾರ್ ಆಕ್ಟಿಂಗ್' ಎಲ್ಲರ ಕೈಪಿಡಿಯಾಗಿದ್ದಾಗಲೇ, ಅದರ ಮಾತುಗಳು ಅಪಾರ್ಥವಾಗುತ್ತಿವೆ ಎಂದು ಕಂಡು ಅದರಿಂದ ದೂರ ಸರಿದರು. 1991ರಲ್ಲಿ 'ಎ ಚಾಲೆಂಜ್ ಫಾರ್ ದಿ ಆಕ್ಟರ್' ಬರೆದು ತಮ್ಮದೇ ಪಾಠ ತಿದ್ದಿಕೊಂಡರು. ನೀವು ಓದುವುದಾದರೆ ಈ ಎರಡನೆಯದನ್ನೇ ಮೊದಲು ಹಿಡಿಯಿರಿ.